ಸೊನ್ನೆಯನ್ನು ಅಲ್ಲಿಟ್ಟವರು ಯಾರು?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಡಿಕೇರಿಯಲ್ಲಿ 20 ಡಿಗ್ರಿ ಸೆಲ್ಸಿಯಸ್, ಕಲಬುರಗಿಯಲ್ಲಿ 40 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಕಲಬುರಗಿ ಮಡಿಕೇರಿಗಿಂತ ಎರಡು ಪಟ್ಟು ಬಿಸಿಯಾಗಿದೆ ಅಂತ ಹೇಳಬಹುದಾ?

ಹೇಳಬಹುದು ಅನ್ನಿಸುತ್ತೆ. 20ರ ಎರಡರಷ್ಟು 40 ತಾನೇ? ಈಗ ಅದೇ ಎರಡು ಊರನ್ನು ಫ್ಯಾರನ್‌ಹೀಟ್‌ನಲ್ಲಿ ಅಳೆಯಿರಿ. ಮಡಿಕೇರಿ 68, ಕಲಬುರಗಿ 104. ಎರಡು ಪಟ್ಟು ಹೋಗಿ ಸುಮಾರು ಒಂದೂವರೆ ಪಟ್ಟಾಯಿತು. ಕೆಲ್ವಿನ್‌ನಲ್ಲಿ ಅಳೆದರೆ 293 ಮತ್ತು 313. ಈಗ ಕಲಬುರಗಿ ಹೆಚ್ಚಿರುವುದು ನೂರಕ್ಕೆ ಏಳರಷ್ಟೂ ಅಲ್ಲ. ಊರು ಅವೇ, ಬಿಸಿಲು ಅದೇ, ಸುರಿಯುವ ಬೆವರೂ ಅದೇ. ಹಾಗಾದ್ರೆ ಈ ಪಟ್ಟುಗಳೆಲ್ಲ ಎಲ್ಲಿಂದ ಬಂದವು? ಸೊನ್ನೆಯಿಂದ. ಮೂರು ಮಾಪಕಗಳಲ್ಲಿ ಸೊನ್ನೆ ಮೂರು ಬೇರೆ ಬೇರೆ ಜಾಗದಲ್ಲಿ ಕೂತಿದೆ, ಅಷ್ಟೇ.

ನಾನು ಕೋಡ್ ಬರೆಯುವವನು. ಅರೇಯ ಮೊದಲ ಅಂಶಕ್ಕೆ ಸೊನ್ನೆ ಅನ್ನಬೇಕೋ ಒಂದು ಅನ್ನಬೇಕೋ ಅಂತ ಜಗಳ ಆಡುವ ಜಾತಿ ನಮ್ಮದು. ಆದರೆ ಸೊನ್ನೆಯ ಜಾಗದ ಬಗ್ಗೆ ನಿಜವಾಗಿ ಯೋಚಿಸುವಂತೆ ಮಾಡಿದ್ದು ಥರ್ಮಾಮೀಟರಿನ ಇತಿಹಾಸ. ಅದರೊಳಗೆ ನಮ್ಮ ಆಫೀಸುಗಳಿಗೆ, ನಮ್ಮ ಬದುಕಿಗೆ ಬೇಕಾದ ಒಂದು ನೈತಿಕ ಪ್ರಶ್ನೆ ಇದೆ ಅನ್ನೋದು ನನ್ನ ವಾದ. ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬನ್ನಿ.

ಬಿಸಿ-ತಂಪು ಗೊತ್ತಾಗುವುದಕ್ಕೆ ಉಪಕರಣ ಬೇಕಿಲ್ಲ, ಕೈ ಸಾಕು. ಆದರೆ ಕೈ ಮೋಸ ಮಾಡುತ್ತೆ. ಒಂದು ಕೈಯನ್ನು ಬಿಸಿನೀರಲ್ಲಿ, ಇನ್ನೊಂದನ್ನು ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಂದೇ ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ. ಒಂದು ಕೈ ತಣ್ಣಗಿದೆ ಅನ್ನುತ್ತೆ, ಇನ್ನೊಂದು ಬಿಸಿ ಅನ್ನುತ್ತೆ. ಹದಿನೇಳನೇ ಶತಮಾನದ ತತ್ವಜ್ಞಾನಿ ಜಾನ್ ಲಾಕ್ ಈ ಉದಾಹರಣೆಯನ್ನು ಬಳಸಿದ್ದಾನೆ. ಕೈಯನ್ನು ನಂಬುವಂತಿಲ್ಲ ಅಂದಮೇಲೆ ಗಾಜಿನ ಕೊಳವೆಯೊಳಗೆ ಗಾಳಿಯೋ ಮದ್ಯಸಾರವೋ ಪಾದರಸವೋ ಹಿಗ್ಗುವುದನ್ನು ನೋಡುವ ಉಪಾಯ ಬಂತು. ಆದರೆ ಮೊದಮೊದಲಿನ ಆ ಉಪಕರಣಗಳು ಏರಿತು, ಇಳಿಯಿತು ಅಂತ ಮಾತ್ರ ಹೇಳುತ್ತಿದ್ದವು. ಎಷ್ಟು ಅಂತ ಹೇಳಲು ಕೊಳವೆಯ ಮೇಲೆ ಗೆರೆ ಬೇಕು. ಗೆರೆ ಎಳೆಯಲು ಎರಡು ಗುರುತು ಬೇಕು. ಆ ಎರಡು ಗುರುತುಗಳು ಯಾವ ಊರಲ್ಲಾದರೂ, ಯಾವ ಕಾಲದಲ್ಲಾದರೂ ಬದಲಾಗಬಾರದು.

ಆ ಎರಡು ಗುರುತು ಹುಡುಕುವುದರಲ್ಲೇ ಬುದ್ಧಿವಂತರ ನೂರು ವರ್ಷ ಕಳೆಯಿತು. ಬೆಣ್ಣೆ ಕರಗುವ ಬಿಸಿಯನ್ನು ಒಂದು ಗುರುತಾಗಿ ಇಟ್ಟುಕೊಳ್ಳೋಣ ಅಂತ ಒಬ್ಬರು. ಪ್ಯಾರಿಸ್ ವೀಕ್ಷಣಾಲಯದ ಆಳವಾದ ನೆಲಮಾಳಿಗೆ ವರ್ಷವಿಡೀ ಒಂದೇ ಥರ ಇರುತ್ತೆ, ಅದೇ ಗುರುತಾಗಲಿ ಅಂತ ಇನ್ನು ಕೆಲವರು. 1701ರಲ್ಲಿ ಐಸಾಕ್ ನ್ಯೂಟನ್ ಹೆಸರು ಹಾಕದೆ ಪ್ರಕಟಿಸಿದ ಮಾಪಕದಲ್ಲಿ ಕರಗುವ ಹಿಮ ಸೊನ್ನೆ, ಮನುಷ್ಯನ ಮೈಬಿಸಿ 12.

ಡೇನಿಯಲ್ ಫ್ಯಾರನ್‌ಹೀಟ್ ಹುಟ್ಟಿದ್ದು 1686ರಲ್ಲಿ ಡಾನ್ಜಿಗ್ ಪಟ್ಟಣದಲ್ಲಿ. ಕೆಲಸ ಮಾಡಿದ್ದು ಹೆಚ್ಚಾಗಿ ಹಾಲೆಂಡಿನಲ್ಲಿ. ಎರಡು ಥರ್ಮಾಮೀಟರ್ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಸಂಖ್ಯೆ ತೋರಿಸುವಂತೆ ಮಾಡಿದ್ದು ಅವನ ಕೈಚಳಕ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಅವನು ತನ್ನ ಗುರುತುಗಳನ್ನು ವಿವರಿಸಿದ್ದಾನೆ. ಮಂಜುಗಡ್ಡೆ, ನೀರು ಮತ್ತು ನವಸಾಗರ ಕಲಸಿದ ಮಿಶ್ರಣ ಸೊನ್ನೆ. ಮಂಜುಗಡ್ಡೆ ಮತ್ತು ನೀರು ಮಾತ್ರ ಇದ್ದರೆ 32. ಆರೋಗ್ಯವಂತ ಮನುಷ್ಯನ ಬಾಯಿ ಅಥವಾ ಕಂಕುಳು 96. ಸೊನ್ನೆ ಅಂದರೆ ಬಿಸಿಯೇ ಇಲ್ಲ ಅಂತ ಅಲ್ಲ. ಅವನ ಪಾತ್ರೆಯಲ್ಲಿ ಸುಲಭವಾಗಿ ಮತ್ತೆ ಮತ್ತೆ ಸಿಗುತ್ತಿದ್ದ ಒಂದು ತಂಪು, ಅಷ್ಟೇ.

ಇನ್ನು ಸೆಲ್ಸಿಯಸ್ ಕತೆ. ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಉಪ್ಸಾಲಾದಲ್ಲಿ ಖಗೋಳಶಾಸ್ತ್ರದ ಪ್ರೊಫೆಸರ್. 1742ರಲ್ಲಿ ಅವನು ನೀರು ಕುದಿಯುವುದು, ಹಿಮ ಕರಗುವುದು ಎಂಬ ಎರಡು ಗುರುತುಗಳ ನಡುವೆ ನೂರು ಭಾಗ ಮಾಡಿದ. ಇಲ್ಲೊಂದು ತಮಾಷೆ ಇದೆ. ಅವನ ಮಾಪಕದಲ್ಲಿ ನೀರು ಕುದಿಯುವುದು 0 ಡಿಗ್ರಿಗೆ, ಹೆಪ್ಪುಗಟ್ಟುವುದು 100ಕ್ಕೆ! ಚಳಿ ಹೆಚ್ಚಿದಷ್ಟೂ ಸಂಖ್ಯೆ ಹೆಚ್ಚು. ನಮಗೆ ವಿಚಿತ್ರ ಅನ್ನಿಸುತ್ತೆ, ಆದರೆ ಉಪ್ಸಾಲಾದ ಚಳಿಗಾಲದಲ್ಲಿ ಕೂತು ದಿನಾ ಟಿಪ್ಪಣಿ ಬರೆಯುವವನಿಗೆ ಮೈನಸ್ ಚಿಹ್ನೆಯ ಗೋಜೇ ಇಲ್ಲ. ಸೆಲ್ಸಿಯಸ್ 1744ರಲ್ಲಿ, ಇನ್ನೂ ನಲವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡ. ಅದಾದ ಕೆಲವೇ ವರ್ಷಗಳಲ್ಲಿ ಉಪ್ಸಾಲಾದಲ್ಲೇ ಅವನ ಮಾಪಕ ತಲೆಕೆಳಗಾಯಿತು. ತಿರುಗಿಸಿದವರು ಅಂತ ಲಿನೇಯಸ್, ಸ್ಟ್ರೋಮರ್, ಎಕ್‌ಸ್ಟ್ರೋಮ್ ಅಂತ ಹಲವು ಹೆಸರು ಕೇಳಿಬರುತ್ತವೆ. ಅತ್ತ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ರಿಸ್ಟಿನ್ ಎಂಬಾತ 1743ರಲ್ಲೇ ಈಗಿನ ಕ್ರಮದ ಮಾಪಕ ಮಾಡಿದ್ದ. ಸೊನ್ನೆ ನೂರಾಯಿತು, ನೂರು ಸೊನ್ನೆಯಾಯಿತು. ನೀರಿಗೆ ಏನೂ ಆಗಲಿಲ್ಲ.

ಇಲ್ಲಿ ನನ್ನೊಳಗಿನ ಎಂಜಿನಿಯರ್‌ಗೆ ತಲೆ ಕೆಡುವ ಒಂದು ವಿಷಯ ಇದೆ. ನೀರು ಯಾವಾಗಲೂ ಒಂದೇ ತಾಪಮಾನದಲ್ಲಿ ಕುದಿಯುತ್ತೆ ಅಂತ ಹೇಗೆ ಗೊತ್ತು? ಥರ್ಮಾಮೀಟರ್ ಇಟ್ಟು ನೋಡಿದರೆ ಗೊತ್ತಾಗುತ್ತೆ. ಥರ್ಮಾಮೀಟರಿಗೆ ಗೆರೆ ಎಳೆದದ್ದು ಹೇಗೆ? ನೀರು ಒಂದೇ ತಾಪಮಾನದಲ್ಲಿ ಕುದಿಯುತ್ತೆ ಅಂತ ನಂಬಿಕೊಂಡು. ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಗಿರಕಿ ಹೊಡೆದ ಹಾಗೆ! ನಿಜಕ್ಕೂ ನೀರು ಅಷ್ಟು ನಂಬಿಕಸ್ಥ ಅಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನಿಮ್ಮ ಚಹಾದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಗಾಜಿನ ಪಾತ್ರೆಯಲ್ಲಿ ಒಂದು ಥರ, ಲೋಹದ ಪಾತ್ರೆಯಲ್ಲಿ ಇನ್ನೊಂದು ಥರ. ಹೀಗಾಗಿ 1777ರಲ್ಲಿ ಹೆನ್ರಿ ಕ್ಯಾವೆಂಡಿಶ್ ನೇತೃತ್ವದ ರಾಯಲ್ ಸೊಸೈಟಿ ಸಮಿತಿ, ಕುದಿಯುವ ನೀರನ್ನು ಬಿಟ್ಟು ಅದರ ಹಬೆಯನ್ನು ಅಳೆಯಿರಿ ಅಂತ ಸಲಹೆ ಕೊಟ್ಟಿತು. ಸೆಲ್ಸಿಯಸ್ ಕೂಡ ಕುದಿಯುವ ಬಿಂದು ಗಾಳಿಯ ಒತ್ತಡದ ಮೇಲೆ ನಿಂತಿದೆ ಅಂತ ಗಮನಿಸಿ, ಬ್ಯಾರೋಮೀಟರ್ ಎಷ್ಟಿದ್ದಾಗ ಈ ಗುರುತು ಹಾಕಬೇಕು ಅಂತಲೂ ಹೇಳಿದ್ದ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮೂರ ಕಡೆ ಆಲೆಮನೆಯಲ್ಲಿ ಬೆಲ್ಲ ಮಾಡುವವರು ಥರ್ಮಾಮೀಟರ್ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಕೊಪ್ಪರಿಗೆಯ ಪಾಕವನ್ನು ಒಂದು ಚೂರು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಾರೆ. ಉಂಡೆ ಕಟ್ಟಿತಾ, ಇಳಿಸು. ಅದಕ್ಕೆ ‘ಹದ’ ಅಂತ ಹೆಸರು. ಯೋಚಿಸಿ ನೋಡಿದರೆ ಅದೂ ಒಂದು ಸ್ಥಿರ ಬಿಂದುವೇ. ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದ, ಕಣ್ಣೆದುರಿನ ಗುರುತು. ವ್ಯತ್ಯಾಸ ಏನಪ್ಪಾ ಅಂದ್ರೆ, ಹದ ಯಾವುದಕ್ಕೆ ಬೇಕು ಅನ್ನೋದು ಆ ಪದದೊಳಗೇ ಇದೆ. ಬೆಲ್ಲದ ಹದ, ಮಣ್ಣಿನ ಹದ, ರೊಟ್ಟಿ ಹಿಟ್ಟಿನ ಹದ. ಸಂಖ್ಯೆಗೆ ಆ ನೆನಪು ಇರಲ್ಲ. ಅದು ತನ್ನ ಹುಟ್ಟೂರನ್ನು ಮರೆತು ಎಲ್ಲಿಗೆ ಬೇಕಾದರೂ ಹೋಗಿಬಿಡುತ್ತೆ. ಅದೇ ಅದರ ಶಕ್ತಿ, ಅಪಾಯವೂ ಅದೇ.

ಹಾಗಾದ್ರೆ ನಿಜವಾದ ಸೊನ್ನೆ ಅಂತ ಒಂದು ಇಲ್ವಾ? ಇದೆ. 1848ರಲ್ಲಿ ಗ್ಲಾಸ್ಗೋದ ತರುಣ ಪ್ರೊಫೆಸರ್ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದವನು, ಪಾದರಸವನ್ನಾಗಲಿ ಗಾಳಿಯನ್ನಾಗಲಿ ನೆಚ್ಚಿಕೊಳ್ಳದ ಮಾಪಕ ಒಂದು ಬೇಕು ಅಂತ ವಾದಿಸಿದ. ಆ ದಾರಿಯಲ್ಲಿ ಸಿಕ್ಕಿದ್ದೇ ನಿರಪೇಕ್ಷ ಸೊನ್ನೆ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ತಂಪು ಎಂಬುದಿಲ್ಲ. ಅಲ್ಲಿಂದ ಎಣಿಸಿದರೆ ಮಾತ್ರ ಇಷ್ಟು ಪಟ್ಟು ಅನ್ನುವ ಮಾತಿಗೆ ಅರ್ಥ ಬರುತ್ತೆ. ಎರಡು ಸಂಗತಿ ಇಲ್ಲಿ ಗಮನಿಸಬೇಕು. ಮೊದಲನೆಯದು, ಮಂಜುಗಡ್ಡೆಯಲ್ಲೂ ಬಿಸಿ ಇದೆ. ಒಂದು ಮಾಪಕದಲ್ಲಿ ಸೊನ್ನೆ ಪಡೆದ ಮಂಜುಗಡ್ಡೆ ಇನ್ನೊಂದರಲ್ಲಿ 273.15 ಅಂಕ ಹೊತ್ತು ನಿಂತಿದೆ. ಎರಡನೆಯದು, ನಿಜವಾದ ಸೊನ್ನೆಯನ್ನು ಯಾವ ವಸ್ತುವೂ ಮುಟ್ಟಲಾರದು. ಹತ್ತಿರ ಹೋಗಬಹುದು, ತಲುಪಲು ಆಗಲ್ಲ ಅನ್ನುತ್ತೆ ಉಷ್ಣಬಲವಿಜ್ಞಾನದ ಮೂರನೇ ನಿಯಮ.

ಇಷ್ಟು ಹೊತ್ತು ನೀರು, ಹಿಮದ ಮಾತಾಯಿತು. ಈಗ ಮನುಷ್ಯರನ್ನು ಅಳೆಯುವ ಕಡೆಗೆ ಬರೋಣ.

ಜ್ವರ ಬಂದಾಗ ನಾವು ನೋಡುವ 98.6 ಎಂಬ ಗೆರೆ ಎಲ್ಲಿಂದ ಬಂತು? ಜರ್ಮನಿಯ ಲೈಪ್ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಶ್ ಸುಮಾರು 25,000 ರೋಗಿಗಳ ತಾಪಮಾನ ಅಳೆದು 1868ರಲ್ಲಿ ಪುಸ್ತಕ ಬರೆದ. ಸರಾಸರಿ 37 ಡಿಗ್ರಿ ಸೆಲ್ಸಿಯಸ್ ಬಂತು. ಅದನ್ನು ಫ್ಯಾರನ್‌ಹೀಟ್‌ಗೆ ಪರಿವರ್ತಿಸಿದಾಗ 98.6 ಆಯಿತು. ಆ ದಶಮಾಂಶ ಬಿಂದುವಿನಿಂದಾಗಿ ಅದು ಭಾರೀ ನಿಖರ ಅನ್ನಿಸತೊಡಗಿತು. ವುಂಡರ್ಲಿಶ್ ಮಾತ್ರ ಅದನ್ನು ಒಂದೇ ಗೆರೆ ಅನ್ನದೆ, ಆರೋಗ್ಯವಂತರ ತಾಪಮಾನಕ್ಕೆ ಒಂದು ವ್ಯಾಪ್ತಿ ಇದೆ, ಹೊತ್ತಿನ ಪ್ರಕಾರ ಬದಲಾಗುತ್ತೆ ಅಂತ ಬರೆದಿದ್ದ. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರನ್ನು ಅಳೆದಾಗ ಸರಾಸರಿ 98.2 ಬಂತು. ಸರಾಸರಿಯನ್ನು ಸರಿ ಅಂತ ಓದಿಕೊಂಡದ್ದು ನಾವು.

ನಮ್ಮ ಆಫೀಸಿನ ಎಸಿಯನ್ನೇ ನೋಡಿ. ಒಂದೇ ಸಾಲಿನಲ್ಲಿ ಒಬ್ಬ ಟೀಶರ್ಟಲ್ಲಿ ಬೆವರುತ್ತಾನೆ, ಪಕ್ಕದವಳು ಶಾಲು ಹೊದ್ದು ಕೂತಿರುತ್ತಾಳೆ. ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿದ ಒಂದು ಅಂಶ ಇದು: ಕಟ್ಟಡಗಳೊಳಗಿನ ಹಿತವಾದ ತಾಪಮಾನ ಲೆಕ್ಕ ಹಾಕುವ ಮಾನದಂಡದಲ್ಲಿ ಮನುಷ್ಯದೇಹ ಎಷ್ಟು ಶಾಖ ಹೊರಹಾಕುತ್ತೆ ಎಂಬುದಕ್ಕೆ 40 ವರ್ಷದ, 70 ಕಿಲೋ ತೂಕದ ಗಂಡಸನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗಿತ್ತು. ಶಾಲು ಹೊದ್ದವಳಿಗೆ ‘ನಿನಗೆ ಚಳಿ ಜಾಸ್ತಿ’ ಅಂತ ನಾವು ನಗುತ್ತಿದ್ದೆವಲ್ಲ, ಆ ‘ಜಾಸ್ತಿ’ಯನ್ನು ಎಣಿಸಿದ್ದು ಯಾವ ಸೊನ್ನೆಯಿಂದ? ಅವಳು ಯಾವತ್ತೂ ನೋಡದ ಒಬ್ಬ ಗಂಡಸಿನ ಮೈಬಿಸಿಯಿಂದ.

ಈಗ ಅಪ್ರೈಸಲ್‌ಗೆ ಬರುತ್ತೇನೆ. ನೀವೂ ಅಲ್ಲಿಗೇ ಬರುತ್ತಿದ್ದೀರಿ ಅಂತ ಗೊತ್ತು!

ನಾನೀಗ ಒಂದು ಸಣ್ಣ ತಂಡದ ಲೀಡ್. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಹೆಸರಿನ ಮುಂದೆ 1ರಿಂದ 5ರವರೆಗೆ ಒಂದು ಅಂಕಿ ಬರೆಯಬೇಕು. ಆ ಅಂಕಿಯ ಮೇಲೆ ಸಂಬಳ, ಸಂಬಳದ ಮೇಲೆ ಯಾರದ್ದೋ ಮನೆ ಸಾಲ, ಯಾರದ್ದೋ ತಂಗಿ ಮದುವೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಜಾತಿಯಾಗಿ ವಿಂಗಡಿಸಿದ. ಹೆಸರಿಡುವುದು ಮೊದಲನೆಯದು, ಕ್ರಮದಲ್ಲಿ ನಿಲ್ಲಿಸುವುದು ಎರಡನೆಯದು. ಸೆಲ್ಸಿಯಸ್ ಮೂರನೆಯದು. ಅದರಲ್ಲಿ ಅಂತರಕ್ಕೆ ಅರ್ಥ ಇದೆ, ಪಟ್ಟಿಗೆ ಇಲ್ಲ. ಕೆಲ್ವಿನ್, ಮೀಟರ್, ಕಿಲೋ ಇವೆಲ್ಲ ನಾಲ್ಕನೆಯದು, ನಿಜವಾದ ಸೊನ್ನೆ ಇರುವಂಥವು. ನಮ್ಮ ರೇಟಿಂಗ್ ಎಲ್ಲಿ ಬರುತ್ತೆ? ಸೆಲ್ಸಿಯಸ್ ಮಟ್ಟಕ್ಕೂ ಏರಲ್ಲ. 2ರಿಂದ 3ಕ್ಕಿರುವ ಅಂತರವೂ 4ರಿಂದ 5ಕ್ಕಿರುವ ಅಂತರವೂ ಒಂದೇ ಅಂತ ಯಾರೂ ಪ್ರಮಾಣ ಮಾಡಲಾರರು. ಅದು ಬರೀ ಸಾಲಲ್ಲಿ ನಿಲ್ಲಿಸುವ ಕೆಲಸ. ಆದರೂ ಆ ಅಂಕಿಗಳ ಸರಾಸರಿ ತೆಗೀತೀವಿ, ಶೇಕಡಾ ಹಾಕ್ತೀವಿ, ‘ಅವನ ಅರ್ಧದಷ್ಟೂ ಇವನಿಲ್ಲ’ ಅಂತೀವಿ.

ಬೆಲ್ ಕರ್ವ್ ಅಂತ ಇನ್ನೊಂದಿದೆ. ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕು ಅಂತ ಮೊದಲೇ ತೀರ್ಮಾನ. ಪಕ್ಕದ ಪಾತ್ರೆಗಳು ಎಷ್ಟು ಬಿಸಿ ಇವೆ ಅಂತ ನೋಡಿಕೊಂಡು ಈ ಪಾತ್ರೆಯ ಡಿಗ್ರಿ ಹೇಳುವ ಥರ್ಮಾಮೀಟರನ್ನು ಫ್ಯಾರನ್‌ಹೀಟ್ ತನ್ನ ಅಂಗಡಿಯಲ್ಲಿ ಮಾರುತ್ತಿದ್ದನಾ?

ಇನ್ನು ಸೊನ್ನೆಯ ಕತೆ. ನಮ್ಮ ತಂಡದಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಒಬ್ಬರಿದ್ದಾರೆ. ಅವರ ಕೆಲಸ ಚೆನ್ನಾಗಿ ಆದ ವಾರದಲ್ಲಿ ಏನೂ ಆಗಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರ ಫೋನೂ ಹೊಡೆದುಕೊಳ್ಳುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆ. ಹೊಸ ಫೀಚರ್ ಎಷ್ಟು ಕೊಟ್ಟಿರಿ ಅಂತ ಎಣಿಸುವ ಮಾಪಕದಲ್ಲೂ ಅವರಿಗೆ ಸೊನ್ನೆ. ಅವರ ಶ್ರಮವನ್ನೆಲ್ಲ ನುಂಗಿಕೊಂಡು ಕೂತಿರುವ ಸೊನ್ನೆ ಅದು. ಆ ಮಾಪಕ ಮಾಡಿದವರು ಆ ಕೆಲಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರಲಿಲ್ಲ.

‘ಹಾಗಾದ್ರೆ ಅಳೆಯೋದೇ ಬೇಡ್ವಾ?’ ಅಂತ ನೀವು ಕೇಳಬಹುದು. ಬೇಡ ಅಂತ ನಾನು ಹೇಳಲಾರೆ. ನಾನು ಹಳ್ಳಿಯಿಂದ ಬಂದವನು. ಬೆಂಗಳೂರಿನಲ್ಲಿ ನನ್ನಪ್ಪನಿಗೆ ಒಬ್ಬರ ಪರಿಚಯವೂ ಇರಲಿಲ್ಲ. ಬಿಇ ಸೀಟಿಗೆ ನನ್ನ ಕೈಲಿ ಇದ್ದದ್ದು ಸಿಇಟಿ ರ‍್ಯಾಂಕ್ ಎಂಬ ಒಂದೇ ಒಂದು ಸಂಖ್ಯೆ. ನನ್ನ ಇಂಗ್ಲಿಷ್ ಹೇಗಿದೆ, ಜಾತಿ ದೊಡ್ಡದೋ ಚಿಕ್ಕದೋ, ಯಾರ ಮಗ ಅಂತ ಆ ಓಎಂಆರ್ ಹಾಳೆ ಓದುವ ಯಂತ್ರ ಕೇಳಲಿಲ್ಲ. ಸಂಖ್ಯೆ ಇಲ್ಲದಿದ್ದರೆ ಉಳಿಯುವುದು ಕೈ ಮುಟ್ಟಿ ನೋಡುವ ಪದ್ಧತಿ. ಅಮ್ಮನ ಕೈ ಮಕ್ಕಳ ಹಣೆ ಮೇಲಿದ್ದಾಗ ಅದು ಯಾವ ಥರ್ಮಾಮೀಟರಿಗೂ ಕಡಿಮೆ ಇಲ್ಲ. ಆದರೆ ಮ್ಯಾನೇಜರನ ಕೈ ಎಲ್ಲರ ಹಣೆಯನ್ನೂ ಒಂದೇ ಥರ ಮುಟ್ಟಲ್ಲ. ಇದು ನನಗೂ ಗೊತ್ತು, ನಿಮಗೂ ಗೊತ್ತು. ಕೈಯ ಪಕ್ಷಪಾತದಿಂದ ಬಿಡಿಸಿಕೊಳ್ಳಲೆಂದೇ ಅಲ್ಲವೇ ಮಾಪಕ ಹುಟ್ಟಿದ್ದು?

ಆದರೆ ನನ್ನದೇ ಸರ್ಕಾರಿ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಓದಿದ ಹುಡುಗನೊಬ್ಬನಿದ್ದ. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಪುಸ್ತಕ ಹಿಡಿಯುತ್ತಿದ್ದ. ಅವನ ರ‍್ಯಾಂಕ್ ನನ್ನದಕ್ಕಿಂತ ತುಂಬಾ ಕೆಳಗೆ ಬಂತು. ಆ ಸಂಖ್ಯೆ ಸುಳ್ಳಲ್ಲ. ಆ ದಿನ, ಆ ಪ್ರಶ್ನೆಪತ್ರಿಕೆಯಲ್ಲಿ ಅವನು ಉತ್ತರಿಸಿದ್ದು ಅಷ್ಟೇ. ಆದರೆ ಆ ಸಂಖ್ಯೆಯ ಪಕ್ಕದಲ್ಲಿ ಒಂದು ಬ್ಯಾರೋಮೀಟರ್ ಇರಲಿಲ್ಲ. ಎಷ್ಟು ಒತ್ತಡದಲ್ಲಿ ಈ ನೀರು ಕುದಿಯಿತು ಅಂತ ಯಾರೂ ಬರೆದುಕೊಳ್ಳಲಿಲ್ಲ. ಸೆಲ್ಸಿಯಸ್ ಎಂಬ ಖಗೋಳಶಾಸ್ತ್ರಜ್ಞ ನೀರಿಗೆ ತೋರಿಸಿದ ಮರ್ಯಾದೆಯನ್ನು ನಾವು ಮನುಷ್ಯರಿಗೆ ತೋರಿಸುತ್ತಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಅಳೆಯಬೇಕೋ ಬೇಡವೋ ಅನ್ನೋದಲ್ಲ. ಒಬ್ಬ ಮನುಷ್ಯನ ಮೇಲೆ ಸಂಖ್ಯೆ ಬರೆಯುವ ಅಧಿಕಾರ ಸಿಕ್ಕವನಿಗೆ ಏನು ಋಣ ಇರುತ್ತೆ ಅನ್ನೋದು. ನನ್ನ ಉತ್ತರ ಹೀಗಿದೆ. ಗುರುತುಗಳು ಯಾವುವು ಅಂತ ಅಳೆಯುವ ಮೊದಲೇ ಹೇಳಬೇಕು, ಅಳೆದಾದಮೇಲೆ ಅಲ್ಲ. ಅಳೆಸಿಕೊಂಡವನೇ ಆ ಗುರುತನ್ನು ಪರೀಕ್ಷಿಸಿ ನೋಡುವಂತಿರಬೇಕು. ಯಾವ ಪರಿಸ್ಥಿತಿಯಲ್ಲಿ ಈ ಅಂಕಿ ಬಂತು ಅಂತ ಅಂಕಿಯ ಪಕ್ಕದಲ್ಲೇ ಬರೆಯಬೇಕು. ನಿಜವಾದ ಸೊನ್ನೆ ಗೊತ್ತಿಲ್ಲದ ಕಡೆ ಅರ್ಧ, ದುಪ್ಪಟ್ಟು, ಇಷ್ಟು ಪಟ್ಟು ಅನ್ನುವ ಮಾತು ಆಡಬಾರದು. ಕೊನೆಯದಾಗಿ, ಮಾಪಕವೇ ಸರಿಯಿಲ್ಲ ಅಂತ ಗೊತ್ತಾದರೆ ಅದನ್ನು ತಿರುಗಿಸಿಡುವ ಧೈರ್ಯ ಬೇಕು. ವಿಜ್ಞಾನಿಗಳು ಇದನ್ನು ನಾಚಿಕೆ ಅಂದುಕೊಂಡಿಲ್ಲ. ಸೆಲ್ಸಿಯಸ್ ಮಾಪಕವನ್ನು ತಲೆಕೆಳಗು ಮಾಡಿದರು, 1948ರಲ್ಲಿ ಸೆಂಟಿಗ್ರೇಡ್ ಎಂಬ ಹೆಸರು ಬಿಟ್ಟು ಅವನ ಹೆಸರನ್ನೇ ಇಟ್ಟರು. 1954ರಲ್ಲಿ ಕೆಲ್ವಿನ್ನನ್ನು ನೀರಿನ ತ್ರಿಬಿಂದುವಿಗೆ ಕಟ್ಟಿದರು, 2019ರಲ್ಲಿ ಅದನ್ನೂ ಬಿಚ್ಚಿ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ಕಟ್ಟಿದರು. ನೀರನ್ನು ಅಳೆಯಲು ಇಷ್ಟೊಂದು ತಿದ್ದುಪಡಿ ಬೇಕಾಯಿತು. ಮನುಷ್ಯರನ್ನು ಅಳೆಯುವ ನಮ್ಮ ಫಾರ್ಮು ಮಾತ್ರ ವರ್ಷದಿಂದ ವರ್ಷಕ್ಕೆ ಹಾಗೇ ಕಾಪಿ ಪೇಸ್ಟ್ ಆಗುತ್ತಿರುತ್ತೆ.

ಇದೆಲ್ಲ ಅಳೆಯುವವರಿಗೆ ಆಯಿತು. ಅಳೆಸಿಕೊಳ್ಳುವವರಿಗೂ ಒಂದು ಮಾತಿದೆ. ಅದು ಇತಿಹಾಸದಿಂದ ಬಂದದ್ದಲ್ಲ, ನಮ್ಮ ಕನ್ನಡದಿಂದಲೇ ಬಂದದ್ದು. ಜ್ವರ ಬಂದರೆ ‘ನಂಗೆ ಜ್ವರ ಬಂದಿದೆ, 102 ಇದೆ’ ಅಂತೀವಿ. ಯಾರೂ ‘ನಾನು 102’ ಅನ್ನಲ್ಲ. ಜ್ವರ ಬಂದಿರುವುದು ನನಗೆ, ನಾಳೆ ಬಿಟ್ಟುಹೋಗುತ್ತೆ, ನಾನು ಬೇರೆ ಅದು ಬೇರೆ ಅಂತ ಆ ‘ನಂಗೆ’ ಎಂಬ ಪುಟ್ಟ ಪದಕ್ಕೆ ಗೊತ್ತಿದೆ. ರೇಟಿಂಗ್ ಬಂದ ದಿನ ಮಾತ್ರ ಕ್ಯಾಂಟೀನಿನಲ್ಲಿ ‘ನಾನು ತ್ರೀ, ಅವನು ಫೋರ್, ಅವಳು ಟೂ’ ಅನ್ನುವುದು ಕೇಳಿಸುತ್ತೆ. ‘ಟೂ’ ಆದವಳು ಅದನ್ನು ಮೈಗೆ ಅಂಟಿಸಿಕೊಂಡು ಮನೆಗೆ ಹೋಗುತ್ತಾಳೆ. ಈ ಸಲ ನಿಮ್ಮ ಅಂಕಿ ಬಂದಾಗ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ‘ನಂಗೆ ಇಷ್ಟು ಬಂತು’ ಅಂತಲೇ ಹೇಳಿ ನೋಡಿ. ಆಮೇಲೆ ಗುರುತು ಯಾವುದು, ಸೊನ್ನೆ ಎಲ್ಲಿದೆ ಅಂತ ಕೇಳಿ. ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ನಾನು ಕೂತಿದ್ದರೂ ಸರಿಯೇ, ಕೇಳಿ.